ಒಂದೇ ಬ್ಯಾಟ್ ಫೈಲು, ಮೂರು ಕಂಪ್ಯೂಟರು, ಮೇಲೆ ಕಲಬುರಗಿಯ ಬಿಸಿಲು

ಪ್ರಶ್ನೆ: ನಾನು ಶಹಾಬಾದಿನ ಪದವಿ ವಿದ್ಯಾರ್ಥಿ. ಮನೆಯಲ್ಲಿ ಮೂರು ಹಳೆಯ ಕಂಪ್ಯೂಟರುಗಳಿವೆ: ನನ್ನದು, ಅಣ್ಣನದು, ಕಾಕಾನ ಮಗನದು. ಮೂರರಲ್ಲೂ ವಿಂಡೋಸ್ 10 ಇದೆ, ಆಟಗಳನ್ನು ಮಾರುವ, ಓಡಿಸುವ ತಂತ್ರಾಂಶವಾದ ಸ್ಟೀಮ್‌ನಲ್ಲಿ ಕೊಂಡ ಕೌಂಟರ್-ಸ್ಟ್ರೈಕ್ 1.6 ಇದೆ. ಅಣ್ಣನ ಮಾನಿಟರ್ ಹಳೆಯ ಚೌಕದ ಆಕಾರದ್ದು, ಉಳಿದೆರಡು ಅಗಲದವು. ಒಂದೇ ರೌಟರಿಗೆ ಸೇರಿಸಿಕೊಂಡು ಆಡುತ್ತೇವೆ. ಪ್ರತಿ ಸಲ ಪರದೆಯ ಅಳತೆ ಸರಿಪಡಿಸುವುದು, ಕನ್ಸೋಲಿನಲ್ಲಿ (ಆಟದೊಳಗೆ ಆಜ್ಞೆ ಟೈಪ್ ಮಾಡುವ ಜಾಗ) ಅಣ್ಣನ ಕಂಪ್ಯೂಟರಿನ ವಿಳಾಸ ಟೈಪ್ ಮಾಡುವುದು ಸಾಕಾಗಿಹೋಗಿದೆ. ಒಂದು ವಿಡಿಯೊದಲ್ಲಿ ಹೇಳಿದಂತೆ ಬ್ಯಾಟ್ ಫೈಲ್ (ಕ್ಲಿಕ್ ಮಾಡಿದರೆ ಒಳಗಿನ ಆಜ್ಞೆಗಳು ಸಾಲಾಗಿ ನಡೆಯುವ ಸ್ಕ್ರಿಪ್ಟ್) ಮಾಡಿದೆ. ಅದರಲ್ಲಿರುವ ಸಾಲು: ಸ್ಟಾರ್ಟ್, ಆಮೇಲೆ ಉದ್ಧರಣ ಚಿಹ್ನೆಯೊಳಗೆ ಸ್ಟೀಮ್‌ನ ಪೂರ್ತಿ ದಾರಿ, ಆಮೇಲೆ -ಆ್ಯಪ್‌ಲಾಂಚ್ 10, ಅದರ ಹಿಂದೆ -ಫ್ರೆಕ್ 100, -ಹೀಪ್‌ಸೈಜ್ ಎಂದು ಇನ್ನೊಂದಿಷ್ಟು. ಕ್ಲಿಕ್ ಮಾಡಿದರೆ ‘-ಆ್ಯಪ್‌ಲಾಂಚ್ ಸಿಗುತ್ತಿಲ್ಲ’ ಎಂದು ವಿಂಡೋಸ್ ಹೇಳುತ್ತದೆ. ತಪ್ಪೆಲ್ಲಿ? ‘ಹೈ ಪ್ರಯಾರಿಟಿ’ ಸೇರಿಸಿದರೆ ಆಟ ವೇಗವಾಗುತ್ತದೆಯೇ? ಮಧ್ಯಾಹ್ನ ಅರ್ಧ ಗಂಟೆ ಆಡಿದ ಮೇಲೆ ಆಟ ತಡವರಿಸುವುದನ್ನೂ ಸ್ಕ್ರಿಪ್ಟಿನಿಂದಲೇ ಸರಿಪಡಿಸಬಹುದೇ?

ಉತ್ತರ: ತಪ್ಪನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ನಿಮ್ಮ ಸಾಲಿನ ಎರಡನೇ ಪದದಲ್ಲೇ ಕುಳಿತಿದೆ. ‘ಸ್ಟಾರ್ಟ್’ ಆಜ್ಞೆಗೆ ಒಂದು ಹಳೆಯ ಹಟ. ಉದ್ಧರಣ ಚಿಹ್ನೆಗಳೊಳಗೆ ಮೊದಲು ಏನು ಕಂಡರೂ ಅದು ಓಡಿಸಬೇಕಾದ ಪ್ರೋಗ್ರಾಂ ಎಂದು ತಿಳಿಯುವುದಿಲ್ಲ, ಪರದೆಯ ನೆತ್ತಿಯ ಮೇಲೆ ಬರೆಯಬೇಕಾದ ಶೀರ್ಷಿಕೆ ಎಂದು ತಿಳಿಯುತ್ತದೆ. ನೀವು ಕೊಟ್ಟ ಸ್ಟೀಮ್‌ನ ದಾರಿ ಹೀಗೆ ಶೀರ್ಷಿಕೆಯಾಗಿ ಹೋಯಿತು. ಅದರ ಮುಂದಿನ ಪದ ‘-ಆ್ಯಪ್‌ಲಾಂಚ್’. ಪಾಪ, ವಿಂಡೋಸ್ ಅದನ್ನೇ ಪ್ರೋಗ್ರಾಂ ಎಂದು ಭಾವಿಸಿ ಹುಡುಕಿತು, ಸಿಗಲಿಲ್ಲ ಎಂದು ಹೇಳಿತು. ಹೇಳಿದ್ದು ನಿಜವೇ.

ಹಾಗೆಂದು ಉದ್ಧರಣ ಚಿಹ್ನೆ ತೆಗೆದುಹಾಕುವಂತಿಲ್ಲ. ಸ್ಟೀಮ್ ಸಾಮಾನ್ಯವಾಗಿ ಕೂರುವುದು ‘ಪ್ರೋಗ್ರಾಂ ಫೈಲ್ಸ್ (ಎಕ್ಸ್86)’ ಎಂಬ ಫೋಲ್ಡರಿನಲ್ಲಿ. ಆ ಹೆಸರಿನ ನಡುವೆ ಖಾಲಿ ಜಾಗವಿದೆ. ಚಿಹ್ನೆ ತೆಗೆದರೆ ದಾರಿ ‘ಪ್ರೋಗ್ರಾಂ’ ಎಂಬಲ್ಲಿಗೇ ತುಂಡಾಗುತ್ತದೆ. ಮಾಡಬೇಕಾದದ್ದು ಇಷ್ಟೇ: ‘ಸ್ಟಾರ್ಟ್’ ಆದ ಮೇಲೆ ಒಂದು ಜೋಡಿ ಖಾಲಿ ಉದ್ಧರಣ ಚಿಹ್ನೆ ಇಡಿ, ನಡುವೆ ಏನೂ ಬೇಡ. ಶೀರ್ಷಿಕೆಯ ಹಟ ಅಲ್ಲಿಗೆ ತೀರುತ್ತದೆ. ಅದಾದ ಮೇಲೆ ಸ್ಟೀಮ್‌ನ ದಾರಿ.

ಮುಂದಕ್ಕೆ ಹೋಗುವ ಮೊದಲು ಒಂದು ಮಾತು. ಆಜ್ಞೆಗಳನ್ನು ಇಲ್ಲಿ ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ನಿಮ್ಮ ಫೈಲಿನಲ್ಲಿ ಎಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. ಕನ್ನಡದಲ್ಲಿ ಸಂದೇಶ ತೋರಿಸುವ ಆಸೆಯನ್ನೂ ಸದ್ಯಕ್ಕೆ ಬಿಡಿ. ಬ್ಯಾಟ್ ಫೈಲಿನ ಆಜ್ಞೆಗಳು ನಡೆಯುವ ವಿಂಡೋಸ್ 10ರ ಆ ಕಪ್ಪು ಪರದೆಗೆ ನಮ್ಮ ಒತ್ತಕ್ಷರಗಳನ್ನು ಜೋಡಿಸಲು ಬರುವುದಿಲ್ಲ, ಚೌಕಗಳೋ ಚೂರುಚೂರು ಅಕ್ಷರಗಳೋ ಕಾಣುತ್ತವೆ. ಇನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿಕೊಂಡ ಅಥವಾ ವರ್ಡ್‌ನಲ್ಲಿ ಬರೆದ ಸಾಲನ್ನು ನಕಲು ಮಾಡಿ ಅಂಟಿಸಬೇಡಿ. ನೇರ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗಿರುತ್ತದೆ, ಸಣ್ಣ ಅಡ್ಡಗೆರೆ ಉದ್ದದ ಗೆರೆಯಾಗಿರುತ್ತದೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಸಂಬಂಧವೇ ಇಲ್ಲದ ಎರಡು ಅಕ್ಷರಗಳು. ನೋಟ್‌ಪ್ಯಾಡ್ ತೆರೆದು ಕೈಯಾರೆ ಟೈಪ್ ಮಾಡಿ. ಉಳಿಸುವಾಗ ಫೈಲಿನ ಬಗೆ ‘ಆಲ್ ಫೈಲ್ಸ್’ ಎಂದಿರಲಿ, ಇಲ್ಲವಾದರೆ ಬ್ಯಾಟ್ ಹೆಸರಿನ ಬಾಲಕ್ಕೆ ಟಿಎಕ್ಸ್‌ಟಿ ಅಂಟಿಕೊಳ್ಳುತ್ತದೆ.

ಈಗ ಆ ವಿಡಿಯೊದವರು ಕೊಟ್ಟ ‘ಇನ್ನೊಂದಿಷ್ಟು’ ವಿಷಯ. ಇಂಥ ಉದ್ದುದ್ದ ಸಾಲುಗಳನ್ನು ಒಬ್ಬರಿಂದ ಒಬ್ಬರು ನಕಲು ಮಾಡುತ್ತಾ ಇಪ್ಪತ್ತು ವರ್ಷಗಳಿಂದ ಬಂದಿದ್ದಾರೆ, ಅರ್ಥ ಕೇಳಿದವರು ಕಡಿಮೆ. ನಿಮ್ಮ ಸಾಲಿನಲ್ಲಿರುವ -ಫ್ರೆಕ್ ಎಂಬುದು ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸಬೇಕೆಂದು ಹೇಳುವುದು. ಹಿಂದೆ ಮೇಜನ್ನೆಲ್ಲ ತುಂಬಿಕೊಳ್ಳುತ್ತಿದ್ದ ದಪ್ಪ ಮಾನಿಟರುಗಳ ಕಾಲದಲ್ಲಿ ಅದಕ್ಕೆ ಬೆಲೆಯಿತ್ತು. ನಿಮ್ಮಲ್ಲಿರುವ ಬಗೆಯ ಚಪ್ಪಟೆ ಮಾನಿಟರುಗಳು ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಬದಲಿಸುವ, ಅಂದರೆ 60 ಹರ್ಟ್ಜ್‌ನವು, ಅಲ್ಲಿ 100 ಎಂದು ಬರೆದು ಪ್ರಯೋಜನವಿಲ್ಲ. -ಹೀಪ್‌ಸೈಜ್ ಎಂಬುದು ಆಟಕ್ಕೆ ಎಷ್ಟು ಮೆಮೊರಿ ಎತ್ತಿಡಬೇಕೆಂದು ಹೇಳುವುದು, ಅದೂ ಮೆಮೊರಿ ದುಬಾರಿಯಾಗಿದ್ದ ದಿನಗಳ ಚಿಂತೆ. ಎರಡನ್ನೂ ಅಳಿಸಿ.

ಉಳಿದದ್ದನ್ನು ಓದಲು ಒಂದು ಬೀಗದ ಕೈ ಸಾಕು. ಅಡ್ಡಗೆರೆಯಿಂದ ಶುರುವಾಗುವ ಪದ ಬೇರೆ, ಪ್ಲಸ್ ಚಿಹ್ನೆಯಿಂದ ಶುರುವಾಗುವ ಪದ ಬೇರೆ. ಅಡ್ಡಗೆರೆಯದ್ದು ಆಟದ ಎಂಜಿನ್, ಅಂದರೆ ಆಟವನ್ನು ಓಡಿಸುವ ಮೂಲ ಪ್ರೋಗ್ರಾಂ, ಎದ್ದೇಳುವಾಗಲೇ ಗಮನಿಸುವ ಸೂಚನೆ: ಪರದೆಯ ಅಗಲ, ಎತ್ತರ, ಕನ್ಸೋಲ್ ಬೇಕೋ ಬೇಡವೋ, ಇಂಥವು. ಪ್ಲಸ್‌ನದ್ದು ಎದ್ದು ನಿಂತ ಮೇಲೆ ಕನ್ಸೋಲಿನಲ್ಲಿ ನೀವೇ ಟೈಪ್ ಮಾಡಿದಂತೆ ನಡೆಯುವ ಆಜ್ಞೆ. 1993ರ ಡೂಮ್ ಆಟದಲ್ಲಿ -ವಾರ್ಪ್, -ಸ್ಕಿಲ್ ಎಂದು ಅಡ್ಡಗೆರೆಯ ಸೂಚನೆಗಳಿದ್ದವು. 1996ರಲ್ಲಿ ಕ್ವೇಕ್ ತನ್ನೊಳಗೇ ಒಂದು ಕನ್ಸೋಲ್ ಇಟ್ಟುಕೊಂಡು ಬಂತು, ಪ್ಲಸ್‌ನ ಪದ್ಧತಿಯೂ ಅದರ ಜೊತೆಗೆ ಬಂತು. ಆ ಕ್ವೇಕ್‌ನ ಎಂಜಿನ್ನನ್ನೇ ತಿದ್ದಿ ತೀಡಿ 1998ರ ಹಾಫ್-ಲೈಫ್ ಮಾಡಿದರು, ಕೌಂಟರ್-ಸ್ಟ್ರೈಕ್ ಹುಟ್ಟಿದ್ದು ಹಾಫ್-ಲೈಫ್‌ನ ಮೇಲೆ. ಹೀಗಾಗಿ ನೀವು ಇಂದು ಬರೆಯುವ +ಕನೆಕ್ಟ್ ಬಹುಶಃ ನಿಮಗಿಂತ ವಯಸ್ಸಿನಲ್ಲಿ ಹಿರಿಯದು.

ಪ್ಲಸ್ ಆಜ್ಞೆಗಳು ಬರೆದ ಕ್ರಮದಲ್ಲೇ ನಡೆಯುತ್ತವೆ, ಇದನ್ನು ಮರೆಯಬೇಡಿ. ಎಷ್ಟು ಜನ ಆಡಬಹುದು ಎಂಬ +ಮ್ಯಾಕ್ಸ್‌ಪ್ಲೇಯರ್ಸ್ ಯಾವಾಗಲೂ +ಮ್ಯಾಪ್‌ಗಿಂತ ಮೊದಲು ಬರಬೇಕು. ಮ್ಯಾಪ್, ಅಂದರೆ ಆಡುವ ಅಂಗಳ, ತೆರೆದು ಆಟ ನಡೆಸುವ ಸರ್ವರ್ ಓಡತೊಡಗಿದ ಮೇಲೆ ಆ ಸಂಖ್ಯೆ ಬದಲಾಗುವುದಿಲ್ಲ.

ಸ್ಕ್ರಿಪ್ಟಿನಲ್ಲಿ ಏನಿರಬೇಕು, ಏನಿರಬಾರದು? ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ಕಂಪ್ಯೂಟರಿನಿಂದ ಕಂಪ್ಯೂಟರಿಗೆ, ಸಂಜೆಯಿಂದ ಸಂಜೆಗೆ ಬದಲಾಗುವುದು ಮಾತ್ರ ಸ್ಕ್ರಿಪ್ಟಿನಲ್ಲಿರಲಿ. ನಿಮ್ಮ ವಿಷಯದಲ್ಲಿ ಅಂಥವು ಎರಡೇ: ಪರದೆಯ ಅಳತೆ, ಮತ್ತು ಈ ಹೊತ್ತು ಆಟ ನಡೆಸುವವರು ಯಾರು, ಸೇರುವವರು ಯಾರು ಎಂಬುದು. ಮೌಸ್‌ನ ಚುರುಕು, ಧ್ವನಿ, ಕೀಲಿಗಳ ಹಂಚಿಕೆ ಇವನ್ನೆಲ್ಲ ಆಟದ ಮೆನುವಿನಲ್ಲೇ ಒಮ್ಮೆ ಹೊಂದಿಸಿ. ಆಟ ಅವನ್ನು ತನ್ನ ಕಾನ್ಫಿಗ್ ಫೈಲಿನಲ್ಲಿ ಬರೆದುಕೊಳ್ಳುತ್ತದೆ. ಅವನ್ನೂ ಸ್ಕ್ರಿಪ್ಟಿಗೆ ತುಂಬಿದರೆ ನೀವು ಮೆನುವಿನಲ್ಲಿ ಬದಲಿಸಿದ್ದನ್ನು ಮರುದಿನ ಸ್ಕ್ರಿಪ್ಟ್ ಅಳಿಸಿಹಾಕುತ್ತದೆ, ಕಾರಣ ತಿಳಿಯದೆ ತಲೆ ಕೆರೆದುಕೊಳ್ಳುವವರು ನೀವು.

ಮೂರು ಕಂಪ್ಯೂಟರಿಗೆ ಮೂರು ಫೈಲ್ ಬೇಡ. ಒಂದನ್ನೇ ಬರೆದು ಪೆನ್‌ಡ್ರೈವಿನಲ್ಲಿ ಹಂಚಿ. ಪ್ರತಿ ವಿಂಡೋಸಿಗೂ ತನ್ನ ಕಂಪ್ಯೂಟರಿನ ಹೆಸರು ಗೊತ್ತಿರುತ್ತದೆ, ಅದನ್ನು ಕೇಳಿ ತಿಳಿದುಕೊಂಡರಾಯಿತು. ಅಣ್ಣನ ಕಂಪ್ಯೂಟರಿನ ಹೆಸರನ್ನು ಸೆಟ್ಟಿಂಗ್ಸಿಗೆ ಹೋಗಿ ‘ಅಣ್ಣ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬದಲಿಸಿಕೊಂಡಿದ್ದೀರಿ ಎಂದಿಟ್ಟುಕೊಳ್ಳಿ. ಅವರದು ಹದಿನೇಳು ಇಂಚಿನ ಚೌಕದ ಮಾನಿಟರ್ ಆಗಿದ್ದರೆ ಸಾಮಾನ್ಯವಾಗಿ ಅದರ ಸಹಜ ಅಳತೆ 1280 ಅಗಲ, 1024 ಎತ್ತರ. ನಿಮ್ಮಿಬ್ಬರದು 1366 ಮತ್ತು 768 ಇರಬಹುದು, ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ಆಗ ಫೈಲ್ ಹೀಗಿರುತ್ತದೆ:

@ಎಕೋ ಆಫ್
ಸೆಟ್ ಡಬ್ಲ್ಯು=1366
ಸೆಟ್ ಎಚ್=768
ಇಫ್ /ಐ "%ಕಂಪ್ಯೂಟರ್‌ನೇಮ್%"=="ಅಣ್ಣ" ಸೆಟ್ ಡಬ್ಲ್ಯು=1280
ಇಫ್ /ಐ "%ಕಂಪ್ಯೂಟರ್‌ನೇಮ್%"=="ಅಣ್ಣ" ಸೆಟ್ ಎಚ್=1024
ಚಾಯ್ಸ್ /ಸಿ 12 /ಎಂ "1 ಹೋಸ್ಟ್, 2 ಜಾಯಿನ್"
ಇಫ್ ಎರರ್‌ಲೆವೆಲ್ 2 ಗೋಟು ಜಾಯಿನ್
ಸ್ಟಾರ್ಟ್ "" "ಸಿ:\ಪ್ರೋಗ್ರಾಂ ಫೈಲ್ಸ್ (ಎಕ್ಸ್86)\ಸ್ಟೀಮ್\ಸ್ಟೀಮ್.ಇಎಕ್ಸ್‌ಇ" -ಆ್ಯಪ್‌ಲಾಂಚ್ 10 -ಡಬ್ಲ್ಯು %ಡಬ್ಲ್ಯು% -ಎಚ್ %ಎಚ್% +ಮ್ಯಾಕ್ಸ್‌ಪ್ಲೇಯರ್ಸ್ 4 +ಎಸ್‌ವಿ_ಲ್ಯಾನ್ 1 +ಮ್ಯಾಪ್ ಡಿಇ_ಡಸ್ಟ್2
ಗೋಟು :ಇಒಎಫ್
:ಜಾಯಿನ್
ಸ್ಟಾರ್ಟ್ "" "ಸಿ:\ಪ್ರೋಗ್ರಾಂ ಫೈಲ್ಸ್ (ಎಕ್ಸ್86)\ಸ್ಟೀಮ್\ಸ್ಟೀಮ್.ಇಎಕ್ಸ್‌ಇ" -ಆ್ಯಪ್‌ಲಾಂಚ್ 10 -ಡಬ್ಲ್ಯು %ಡಬ್ಲ್ಯು% -ಎಚ್ %ಎಚ್% +ಕನೆಕ್ಟ್ 192.168.1.10:27015

ಡಬ್ಲ್ಯು, ಎಚ್ ಎಂದಿರುವಲ್ಲೆಲ್ಲ ಒಂದೊಂದೇ ಇಂಗ್ಲಿಷ್ ಅಕ್ಷರ. 10 ಎಂಬುದು ಸ್ಟೀಮ್ ಕೌಂಟರ್-ಸ್ಟ್ರೈಕ್‌ಗೆ ಕೊಟ್ಟ ಸಂಖ್ಯೆ. ಬೇರೆ ಆಟಕ್ಕೆ ಬೇರೆ ಸಂಖ್ಯೆ, ಸ್ಟೀಮ್ ಅಂಗಡಿಯಲ್ಲಿ ಆ ಆಟದ ಪುಟದ ವಿಳಾಸದಲ್ಲೇ ಅದು ಕಾಣುತ್ತದೆ.

ಇಲ್ಲಿ ಜನ ಎಡವುವ ಜಾಗ ಮೂರು. ‘ಸೆಟ್’ ಸಾಲಿನಲ್ಲಿ ಸಮ ಚಿಹ್ನೆಯ ಹಿಂದೆ ಮುಂದೆ ಖಾಲಿ ಜಾಗ ಬಿಡಬಾರದು. ಶಾಲೆಯ ಲೆಕ್ಕದ ಪುಸ್ತಕದ ಅಭ್ಯಾಸದಿಂದ ಎಲ್ಲರ ಕೈಯೂ ಅಲ್ಲಿ ಸ್ಪೇಸ್‌ಬಾರ್ ಒತ್ತುತ್ತದೆ. ಒತ್ತಿದರೆ ಆ ಖಾಲಿ ಜಾಗವೂ ಹೆಸರಿನ ಭಾಗವಾಗುತ್ತದೆ, ಮುಂದೆ ಶೇಕಡಾ ಚಿಹ್ನೆಗಳ ನಡುವೆ ಅದೇ ಹೆಸರು ಹಾಕಿದರೆ ಏನೂ ಸಿಗುವುದಿಲ್ಲ, ಯಾವ ದೂರೂ ಇಲ್ಲದೆ ಆಟ ತಪ್ಪು ಅಳತೆಯಲ್ಲಿ ತೆರೆಯುತ್ತದೆ. ಎರಡನೆಯದು ‘ಎರರ್‌ಲೆವೆಲ್’. ಹೆಸರು ಕೇಳಿ ಹೆದರಬೇಡಿ, ಇಲ್ಲಿ ಅದು ನೀವು ಎಷ್ಟನೇ ಆಯ್ಕೆ ಒತ್ತಿದಿರಿ ಎಂಬುದನ್ನಷ್ಟೇ ಹೇಳುತ್ತದೆ. ಆದರೆ ‘ಇಫ್ ಎರರ್‌ಲೆವೆಲ್ 1’ ಎಂದರೆ ‘ಒಂದಾಗಿದ್ದರೆ’ ಎಂದಲ್ಲ, ‘ಒಂದು ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ’ ಎಂದು. ಮುಂದೆ ಮೂರನೇ ಆಯ್ಕೆ ಸೇರಿಸುವ ಮನಸ್ಸಾದರೆ ದೊಡ್ಡ ಸಂಖ್ಯೆಯಿಂದ ಚಿಕ್ಕದರ ಕಡೆಗೆ ಬರೆಯುತ್ತಾ ಬನ್ನಿ. ಮೂರನೆಯದು ‘ಗೋಟು :ಇಒಎಫ್’. ಅಲ್ಲಿಗೆ ಫೈಲ್ ಮುಗಿಯಿತು ಎಂದು ಹೇಳುವ ಸಾಲು ಅದು. ಬಿಟ್ಟರೆ ಆಟ ನಡೆಸಲು ಹೊರಟ ಕಂಪ್ಯೂಟರ್ ಅದರ ಬೆನ್ನಿಗೇ ಸೇರುವ ಸಾಲನ್ನೂ ಓಡಿಸುತ್ತದೆ.

ಏನಾದರೂ ಕೆಟ್ಟರೆ ಎರಡು ಸಲ ಕ್ಲಿಕ್ ಮಾಡುತ್ತಲೇ ಕೂರಬೇಡಿ. ಪರದೆ ಮಿಂಚಿ ಮಾಯವಾಗುತ್ತದೆ, ತಪ್ಪಿನ ಸಂದೇಶವೂ ಅದರ ಜೊತೆ ಹೋಗುತ್ತದೆ. ಫೈಲ್ ಇರುವ ಫೋಲ್ಡರನ್ನು ತೆರೆದು, ಮೇಲಿನ ವಿಳಾಸ ಪಟ್ಟಿಯಲ್ಲಿ ಸಿಎಂಡಿ ಎಂಬ ಮೂರು ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಪರದೆ ಅದೇ ಫೋಲ್ಡರಿನಲ್ಲಿ ತೆರೆಯುತ್ತದೆ. ಅಲ್ಲಿ ಬ್ಯಾಟ್ ಫೈಲಿನ ಹೆಸರು ಕೊಟ್ಟು ಓಡಿಸಿ. ಮೊದಲ ಸಾಲಿನ ‘ಎಕೋ ಆಫ್’ ತೆಗೆದು ಓಡಿಸಿದರೆ ಇನ್ನೂ ಒಳ್ಳೆಯದು, ಪ್ರತಿ ಸಾಲೂ ನಿಜವಾದ ಸಂಖ್ಯೆಗಳು ತುಂಬಿಕೊಂಡು ಕಣ್ಣ ಮುಂದೆ ಬರುತ್ತದೆ. ಅಣ್ಣನ ಕಂಪ್ಯೂಟರಿನಲ್ಲೂ ಸ್ಟಾರ್ಟ್ ಸಾಲಿನಲ್ಲಿ 1366 ಎಂದೇ ಕಂಡರೆ ಹೆಸರು ಹೊಂದುತ್ತಿಲ್ಲ ಎಂದು ಕೂಡಲೇ ಗೊತ್ತಾಗುತ್ತದೆ.

ಸ್ಟೀಮ್ ಇಲ್ಲದೆ ಸಿ.ಡಿ.ಯಿಂದ ಹಾಕಿಕೊಂಡ ಹಳೆಯ ಆಟಗಳಿಗೂ ಇಂಥ ಫೈಲ್ ಮಾಡುವುದಾದರೆ ಒಂದು ಸಾಲು ಹೆಚ್ಚಿಗೆ ಬೇಕು: ಸಿಡಿ /ಡಿ "%~ಡಿಪಿ0". ‘ಈ ಬ್ಯಾಟ್ ಫೈಲ್ ಎಲ್ಲಿದೆಯೋ ಆ ಫೋಲ್ಡರಿಗೇ ಹೋಗು’ ಎಂದು ಅದರ ಅರ್ಥ. ಹಳೆಯ ಆಟಗಳು ತಮ್ಮ ಚಿತ್ರ, ಧ್ವನಿಗಳನ್ನು ನಿಂತ ಜಾಗದಲ್ಲೇ ಹುಡುಕುತ್ತವೆ. ಫೈಲನ್ನು ಆಟದ ಫೋಲ್ಡರಿನಲ್ಲಿಟ್ಟು, ಅದರ ಶಾರ್ಟ್‌ಕಟ್ ಮಾತ್ರ ಡೆಸ್ಕ್‌ಟಾಪಿಗೆ ತನ್ನಿ.

‘ಹೈ ಪ್ರಯಾರಿಟಿ’ ಬಗ್ಗೆ ಕೇಳಿದ್ದೀರಿ. ಬೇಡ. ಪ್ರೊಸೆಸರಿಗಾಗಿ ಹಲವು ಪ್ರೋಗ್ರಾಂಗಳು ಕಿತ್ತಾಡುತ್ತಿರುವಾಗ ಯಾರಿಗೆ ಮೊದಲ ಸರದಿ ಎಂದು ಅದು ಹೇಳುತ್ತದೆಯೇ ಹೊರತು ಪ್ರೊಸೆಸರಿಗೆ ಹೊಸ ಶಕ್ತಿಯನ್ನು ತಂದುಕೊಡುವುದಿಲ್ಲ. ಬೇರೆ ಪ್ರೋಗ್ರಾಂಗಳನ್ನು ಮುಚ್ಚಿ ಆಡುವವರಿಗೆ ವ್ಯತ್ಯಾಸವೇ ಕಾಣದು. ಮೇಲಾಗಿ ನಿಮ್ಮ ಸಾಲಿನಲ್ಲಿ ಅದು ತಗುಲುವುದು ಸ್ಟೀಮ್‌ಗೆ. ಸ್ಟೀಮ್ ಆಗಲೇ ತೆರೆದಿದ್ದರೆ, ಹೊಸದಾಗಿ ಎದ್ದ ಪ್ರತಿ ಹಳೆಯದಕ್ಕೆ ಮಾತು ಮುಟ್ಟಿಸಿ ಮುಚ್ಚಿಕೊಳ್ಳುತ್ತದೆ, ನೀವು ಕೊಟ್ಟ ಪ್ರಾಶಸ್ತ್ಯವೂ ಅದರ ಜೊತೆ ಮುಗಿಯಿತು. ‘ರಿಯಲ್‌ಟೈಮ್’ ಎಂದು ಹಾಕಲು ಹೇಳುವ ವಿಡಿಯೊ ಕಂಡರೆ ಅಲ್ಲಿಗೇ ನಿಲ್ಲಿಸಿ. ಆಟ ವಿಂಡೋಸಿನ ಕೆಲಸಗಳಿಗೂ ದಾರಿ ಬಿಡದೆ ಮೌಸ್, ಕೀಬೋರ್ಡ್ ಕಟ್ಟಿಹೋಗಬಹುದು. ಇನ್ನು ಆಟದ ವೇಗ ಹೆಚ್ಚಿಸುತ್ತೇವೆಂದು ಯಾರೋ ಹಂಚುವ ಸಿದ್ಧ ಬ್ಯಾಟ್ ಫೈಲುಗಳನ್ನು ಓಡಿಸುವ ಮುನ್ನ ನೋಟ್‌ಪ್ಯಾಡಿನಲ್ಲಿ ತೆರೆದು ಓದಿ. ಒಳಗೆ ‘ಡೆಲ್’, ‘ರೆಗ್’ ಎಂಬ ಪದಗಳು ಸಾಲುಗಟ್ಟಿದ್ದರೆ ಅದು ನಿಮ್ಮ ಫೈಲುಗಳನ್ನು ಅಳಿಸಲು, ವಿಂಡೋಸಿನ ಒಳ ದಾಖಲೆಗಳನ್ನು ತಿದ್ದಲು ಹೊರಟಿದೆ. ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳಿದರೆ ಕೊಡಲೇಬೇಡಿ.

ನಿಮ್ಮ ಮೂರನೇ ಪ್ರಶ್ನೆಯೇ ನನಗೆ ಹೆಚ್ಚು ಮುಖ್ಯವೆನಿಸಿತು. ಸಂಜೆ ಸರಿಯಾಗಿ ನಡೆಯುವ ಆಟ ಮಧ್ಯಾಹ್ನ ಅರ್ಧ ಗಂಟೆಯ ಮೇಲೆ ತಡವರಿಸಿದರೆ, ಅದು ಸೆಟ್ಟಿಂಗಿನ ದೋಷವಲ್ಲ, ಸೆಖೆ. ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಪ್ರೊಸೆಸರ್ ಮೇಲೆ ಹಾಯಿಸುವುದು ಕೋಣೆಯ ಗಾಳಿಯನ್ನೇ, ಆ ಗಾಳಿಗಿಂತ ತಂಪಾಗಿಸಲು ಅದಕ್ಕೆ ಬರುವುದಿಲ್ಲ. ಒಳಗಿನ ಶಾಖ 100 ಡಿಗ್ರಿಯ ಆಸುಪಾಸಿಗೆ ಬಂದರೆ ಇಂಟೆಲ್‌ನ ಬಹುತೇಕ ಪ್ರೊಸೆಸರುಗಳು ಸುಟ್ಟುಹೋಗದಂತೆ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ನಿಮಗೆ ತಡವರಿಕೆಯಾಗಿ ಕಾಣುವುದು ಅದೇ. ಏಪ್ರಿಲ್-ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ, ನಿಮ್ಮ ಕಂಪ್ಯೂಟರಿಗೂ ಬೇಸಿಗೆಯ ವೇಳಾಪಟ್ಟಿ ಒಂದಿರಲಿ.

ಸ್ಕ್ರಿಪ್ಟಿನಿಂದ ಆಗುವ ಸಹಾಯ ಒಂದೇ. ಆಟದ ಸಿಸ್ಟ್ರೈಕ್ ಫೋಲ್ಡರಿನಲ್ಲಿ ‘ಬೇಸಿಗೆ’ ಎಂಬ ಹೆಸರಿನ, ಸಿಎಫ್‌ಜಿ ಬಾಲದ ಸಣ್ಣ ಫೈಲ್ ಮಾಡಿ, ಒಳಗೆ ಎಫ್‌ಪಿಎಸ್_ಮ್ಯಾಕ್ಸ್ 60 ಎಂದು ಬರೆಯಿರಿ. ಸ್ಟಾರ್ಟ್ ಸಾಲಿನಲ್ಲಿ +ಮ್ಯಾಪ್ ಅಥವಾ +ಕನೆಕ್ಟ್‌ಗಿಂತ ಮೊದಲು +ಎಕ್ಸೆಕ್ ಎಂದು ಬರೆದು ಆ ಫೈಲಿನ ಹೆಸರು ಕೊಡಿ. ಆಟ ಸುಮ್ಮನೆ ಬಿಟ್ಟರೆ ಸೆಕೆಂಡಿಗೆ 100 ಚಿತ್ರಗಳವರೆಗೆ ಹೋಗುತ್ತದೆ, 60 ಹರ್ಟ್ಜ್‌ನ ಮಾನಿಟರ್ ತೋರಿಸುವುದು ಅರವತ್ತನ್ನೇ. ಮಿಕ್ಕ ನಲವತ್ತರಲ್ಲಿ ನಿಮಗೆ ದಕ್ಕುವುದು ಹೆಚ್ಚಿನ ಪಾಲು ಶಾಖ. ಪಂದ್ಯ ಆಡುವವರು 100ನ್ನು ಬಿಟ್ಟುಕೊಡುವುದಿಲ್ಲ, ಕೈಗೆ ಆಟ ಚುರುಕಾಗಿ ಸಿಗುತ್ತದೆ ಎನ್ನುತ್ತಾರೆ, ಅದರಲ್ಲಿ ಹುರುಳಿದೆ. ಅವರು ಹಾಗೆ ಆಡುವುದು ಹವಾನಿಯಂತ್ರಿತ ಕೋಣೆಯಲ್ಲಿ.

ಇನ್ನೊಂದು ಉಪಾಯವನ್ನು ಸ್ಕ್ರಿಪ್ಟಿಗೆ ತರದೆ ಕೈಯಿಂದಲೇ ಮಾಡಿ, ಏಕೆಂದರೆ ವರ್ಷಕ್ಕೆ ಎರಡು ಸಲದ ಕೆಲಸವಷ್ಟೇ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ತೆರೆದು, ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇರುವುದನ್ನು 99 ಮಾಡಿ. ಒಂದೇ ಅಂಕದ ಕಡಿತವೆಂದು ನಗಬೇಡಿ. ಇಂಟೆಲ್‌ನ ಟರ್ಬೊ ವೇಗ, ಅಂದರೆ ಕೆಲಸ ಹೆಚ್ಚಿದಾಗ ಪ್ರೊಸೆಸರ್ ತಾನೇ ಏರಿಸಿಕೊಳ್ಳುವ ವೇಗ, ಅಷ್ಟಕ್ಕೇ ನಿಂತುಬಿಡುತ್ತದೆ, ಶಾಖ ಎದ್ದು ಕಾಣುವಷ್ಟು ಇಳಿಯುತ್ತದೆ. ಇಷ್ಟು ಹಳೆಯ ಆಟಕ್ಕೆ ಟರ್ಬೊ ಬೇಕೂ ಇಲ್ಲ. ಮಳೆಗಾಲ ಬಂದಾಗ ಮತ್ತೆ 100.

ಇವೆಲ್ಲಕ್ಕೂ ಮೊದಲು ಪೆಟ್ಟಿಗೆ ತೆರೆದು ನೋಡಿ. ಶಹಾಬಾದಿನಲ್ಲಿ ಕಲ್ಲಿನ ಗಣಿ, ಪಾಲಿಶ್ ಘಟಕಗಳ ಸಣ್ಣ ಪುಡಿ ಗಾಳಿಯಲ್ಲೇ ಇರುತ್ತದೆ, ಪಕ್ಕದ ವಾಡಿಯಲ್ಲಿ ಸಿಮೆಂಟ್ ಬೇರೆ. ನೆಲ ತಂಪಾಗಿದೆಯೆಂದು ಸಿಪಿಯು ಪೆಟ್ಟಿಗೆಯನ್ನು ಕಲ್ಲುಹಾಸಿನ ಮೇಲೇ ಇಟ್ಟಿದ್ದರೆ, ಕಸ ಗುಡಿಸಿದಾಗಲೆಲ್ಲ ಆ ಪುಡಿ ಒಳಗೆ ಹೋಗುತ್ತದೆ. ಪ್ರೊಸೆಸರ್ ಮೇಲಿನ ಫ್ಯಾನ್ ಬಿಚ್ಚಿದರೆ ಅದರ ಕೆಳಗೆ, ಅಲ್ಯುಮಿನಿಯಂ ರೆಕ್ಕೆಗಳ ಬಾಯಿಗೆ ಬೂದುಬಣ್ಣದ ಗಟ್ಟಿ ಪದರ ಕೂತಿರುತ್ತದೆ. ಮೇಲಿನಿಂದ ಫ್ಯಾನ್ ಚೊಕ್ಕಟವಾಗಿಯೇ ಕಾಣುತ್ತದೆ, ಅದಕ್ಕೇ ಯಾರೂ ಬಿಚ್ಚುವುದಿಲ್ಲ. ಕರೆಂಟಿನ ತಂತಿ ಕಿತ್ತು, ಫ್ಯಾನ್ ತಿರುಗದಂತೆ ಬೆರಳಿನಲ್ಲಿ ಹಿಡಿದು, ಒಣ ಬ್ರಷ್ಷು ಮತ್ತು ಬ್ಲೋಯರಿನಿಂದ ತೆಗೆಯಿರಿ. ರೆಕ್ಕೆಗಳ ಗಟ್ಟಿಯನ್ನೇ ಎತ್ತಿದರೆ ಪ್ರೊಸೆಸರ್ ಮೇಲಿನ ಹಳೆಯ ಥರ್ಮಲ್ ಪೇಸ್ಟ್ (ಶಾಖವನ್ನು ರೆಕ್ಕೆಗಳಿಗೆ ದಾಟಿಸುವ ಲೇಪ) ಒರೆಸಿ ಹೊಸದು ಹಚ್ಚದೆ ಮುಚ್ಚಬೇಡಿ. ಆಮೇಲೆ ಪೆಟ್ಟಿಗೆಯನ್ನು ಒಂದು ಸ್ಟೂಲಿನ ಮೇಲಿಡಿ.

ಕೊನೆಯದಾಗಿ ವಿಳಾಸ. ಸ್ಕ್ರಿಪ್ಟಿನಲ್ಲಿ ನಾನು ಬರೆದ 192.168.1.10 ಉದಾಹರಣೆಗೆ ಮಾತ್ರ. ಅಣ್ಣನ ಕಂಪ್ಯೂಟರಿನಲ್ಲಿ ಕಪ್ಪು ಪರದೆ ತೆರೆದು ಐಪಿಕಾನ್ಫಿಗ್ ಎಂದು ಟೈಪ್ ಮಾಡಿದರೆ ನಿಜವಾದದ್ದು ಕಾಣುತ್ತದೆ. ಆದರೆ ಕರೆಂಟು ಹೋಗಿ ಬಂದ ಮೇಲೆ ರೌಟರ್ ಅದಕ್ಕೆ ಬೇರೆ ವಿಳಾಸ ಕೊಟ್ಟುಬಿಡಬಹುದು, ಆಗ ಸ್ಕ್ರಿಪ್ಟ್ ಹಳೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ರೌಟರಿನ ಸೆಟ್ಟಿಂಗಿನಲ್ಲಿ ‘ಅಡ್ರೆಸ್ ರಿಸರ್ವೇಶನ್’ ಎಂಬುದನ್ನು ಹುಡುಕಿ ಅಣ್ಣನ ಕಂಪ್ಯೂಟರಿಗೆ ಆ ವಿಳಾಸವನ್ನು ಕಾಯಂ ಮಾಡಿಸಿ. ಅದಾದ ಮೇಲೂ ನಿಮ್ಮ ಆಟ ಸೇರದಿದ್ದರೆ ಅಣ್ಣನ ವಿಂಡೋಸ್‌ನ ಫೈರ್‌ವಾಲ್ (ಹೊರಗಿನಿಂದ ಬರುವ ಸಂಪರ್ಕಗಳನ್ನು ತಡೆಯುವ ಕಾವಲು) ನೋಡಿ: ಮನೆಯ ನೆಟ್‌ವರ್ಕ್ ‘ಪ್ರೈವೇಟ್’ ಎಂದಿರಬೇಕು, ಆಟಕ್ಕೆ ಪ್ರೈವೇಟ್ ನೆಟ್‌ವರ್ಕಿನಲ್ಲಿ ಅನುಮತಿ ಇರಬೇಕು. ಮೊದಲ ಸಲ ಆಟ ತೆರೆದಾಗ ಬಂದ ಪ್ರಶ್ನೆಗೆ ಯಾರಾದರೂ ಅವಸರದಲ್ಲಿ ‘ಕ್ಯಾನ್ಸಲ್’ ಒತ್ತಿದ್ದರೆ ಫೈರ್‌ವಾಲ್ ಅದನ್ನು ನೆನಪಿಟ್ಟುಕೊಂಡಿರುತ್ತದೆ. ಅನುಮತಿಸಿದ ಆ್ಯಪ್‌ಗಳ ಪಟ್ಟಿಗೆ ಹೋಗಿ ಆಟದ ಹೆಸರಿನ ಮುಂದೆ ಗುರುತು ಹಾಕಬೇಕು. ಪಟ್ಟಿಯಲ್ಲಿ ಅದರ ಹೆಸರು ‘ಹಾಫ್-ಲೈಫ್’ ಎಂದು ಇರಬಹುದು, ಕೌಂಟರ್-ಸ್ಟ್ರೈಕ್ ಓಡುವುದು ಅದೇ ಎಚ್‌ಎಲ್.ಇಎಕ್ಸ್‌ಇ ಫೈಲಿನಿಂದ.